ರೆಕಾರ್ಡ್ ಓಡುವಾಗ ಮಾತಾಡಬೇಡ

...ಶ್! ಇನ್ನೊಂದು ಸಲ ಬಾಯಿ ತೆಗೆದ್ರೆ ನೋಡು, ಮುಳ್ಳು ಎತ್ತಿಟ್ಟುಬಿಡ್ತೀನಿ. ರೆಕಾರ್ಡ್ ಓಡುವಾಗ ಮಧ್ಯೆ ಮಾತಾಡಬಾರದು ಅಂತ ನೀನು ಚಡ್ಡಿ ಹಾಕೋ ಕಾಲದಿಂದ ಹೇಳ್ಕೊಂಡು ಬಂದಿದ್ದೀನಿ. ಈಗ ನೀನು ವಾದ್ಯವೃಂದದ ಮುಂದೆ ನಿಂತು ಕಡ್ಡಿ ಆಡಿಸೋ ದೊಡ್ಡ ಮನುಷ್ಯ. ಇರಬಹುದು. ಈ ಮನೇಲಿ ನೀನು ತಮ್ಮ, ಅಷ್ಟೇ. ಕೂತ್ಕೋ.

ಕೇಳು... ಈಗ ಎಲ್ಲಾ ವಾದ್ಯ ತಗ್ಗುತ್ತೆ. ತಗ್ಗಿತಾ? ಹಾಂ! ಅಲ್ಲಿ ಒಂಟಿ ಪಿಟೀಲು ಬರುತ್ತೆ. ಅವಸರ ಇಲ್ಲ, ಗಲಾಟೆ ಇಲ್ಲ. ಕರೆಯದೇ ಬಂದ ನೆಂಟರ ಹಾಗೆ, ಬಾಗಿಲ ಹತ್ರಾನೇ ನಿಂತ್ಕೊಂಡು...

ಯಾಕೆ ಹಾಗೆ ನೋಡ್ತಿದ್ದೀಯ? ನೀನು ಯಾಕೆ ಬಂದಿದ್ದೀಯ ಅಂತ ಗೊತ್ತು ಬಿಡು. ನಿನ್ನ ವೃಂದದಲ್ಲಿ ಸೆಲ್ಲೋ ನುಡಿಸ್ತಾನಲ್ಲ, ಅವನು ನಿನ್ನ ಕಿವಿ ಊದಿದ್ದಾನೆ. ‘ನಿಮ್ಮ ಅಣ್ಣನಿಗೆ ಕಿವಿ ಮಂದ ಆಗಿದೆ, ಮೊದಲನೇ ಪಿಟೀಲಿನ ಕುರ್ಚಿಯಿಂದ ಎಬ್ಬಿಸಿ’ ಅಂತ. ಅಲ್ವಾ? ತಲೆ ತಗ್ಗಿಸಬೇಡ, ಮುಖ ಮೇಲೆತ್ತು. ಅದಕ್ಕೇ ಈ ಪಿಟೀಲು ಕಾನ್ಸರ್ಟೊ ರೆಕಾರ್ಡ್ ಹಾಕಿದ್ದು. ಕಿವುಡನಾಗಿದ್ರೆ ಇದೆಲ್ಲಾ ಹೇಳೋಕಾಗ್ತಿತ್ತಾ? ನಾಳೆ ತಾಲೀಮಿಗೆ ಆ ಕುರ್ಚಿ ನಂದೇ. ಅದನ್ನ ಬಿಟ್ಟು ನಾನೇನು ಮಾಡ್ಲಿ, ಹೇಳು? ಬೇಡ, ಹೇಳಬೇಡ. ಕೇಳು.

ಇಗೋ, ಈ ಏರು! ನುಡಿಸೋರ ಬೆರಳು ಜಾರಿದ್ದು ಕೇಳಿಸ್ತಾ? ಕೂದಲೆಳೆಯಷ್ಟು. ಅದನ್ನ ಅಳಿಸದೇ ಹಾಗೇ ಬಿಟ್ಟಿದ್ದಾರೆ, ಪುಣ್ಯಾತ್ಮರು. ಎಷ್ಟು ಸಲ ಕೇಳಿದ್ರೂ ಇಲ್ಲಿ ನನ್ನ ಬೆರಳೂ ಜೊತೆಗೇ ಜಾರುತ್ತೆ ಕಣೋ.

ನಗ್ತಿದ್ದೀಯಾ? ...ಅಲ್ಲ, ಅದು ನಗು ಅಲ್ಲ. ಅಳೋ ಅಂಥದ್ದೂ ಇನ್ನೂ ಬಂದಿಲ್ಲವಲ್ಲ, ನಿಧಾನದ ಭಾಗ ಮುಂದಿದೆ.

ಶಬ್ದ ಜಾಸ್ತಿ ಆಯ್ತಾ? ಕಮ್ಮಿ ಮಾಡ್ಲಾ? ...ಗೋಡೆ ಕಡೆ ಏನು ನೋಡ್ತೀಯ? ಅದು ಇಸ್ತ್ರಿಪೆಟ್ಟಿಗೆ. ನಿಮ್ಮತ್ತಿಗೆ ಬೆಳಿಗ್ಗೆ ನನ್ನ ಅಂಗಿ ಇಸ್ತ್ರಿ ಮಾಡಿದ್ಲು, ನಾಳೆಗೆ ಅಂತ. ಸ್ವಿಚ್ ಆರಿಸಿದ್ದಾಳೆ ಸದ್ಯ, ಪ್ಲಗ್ ಹಾಗೇ ಬಿಟ್ಟಿದ್ದಾಳೆ, ಮರೆಗುಳಿ...

ಅದು ಸ್ಪೀಕರ್ ಪ್ಲಗ್ ಹಾಕೋ ಜಾಗ. ಸ್ಪೀಕರ್ ಪ್ಲಗ್ ನೆಲದ ಮೇಲೆ ಬಿದ್ದಿದೆ.

...ತಟ್ಟೆ ತಿರುಗ್ತಾ ಇದೆ. ಮುಳ್ಳೂ ಸರಿಯಾಗಿ ಕೂತಿದೆ. ನಾನು ಅದನ್ನ ಮಾತ್ರ ನೋಡಿದೆ.

ಶುರುವಿನಿಂದಾನೂ ಹೀಗೇನಾ? ...ಹೂಂ.

ಆದ್ರೂ ನಾನು ತಪ್ಪು ಹೇಳಿಲ್ಲ. ಆ ಏರು ಅಲ್ಲೇ ಬರೋದು. ಬೇಕಾದ್ರೆ ಪ್ಲಗ್ ಹಾಕಿ ನೋಡು.

...ಸರಿ. ಈಗ ಮಾತಾಡು. ಹಾಗಲ್ಲ, ಕಿಟಕಿ ಕಡೆ ತಿರುಗು, ಬೆಳಕಿಗೆ. ನಿಧಾನವಾಗಿ ಹೇಳು. ತುಟಿ ಕಾಣಬೇಕು.