ಮೂರು ವ್ಯಾಗನ್, ಒಂದು ಕೆಂಪು ಖಣ

ಹೆಸರು ಮಂಜುಶ್ರೀ, ಗಂಡನ ಹೆಸರು ಜಯದೇವ, ವಯಸ್ಸು 48, ವಿದ್ಯಾಭ್ಯಾಸ ಕನ್ನಡ ಎಂ.ಎ., ಕೆಲಸ ಲೈಬ್ರರಿಯಲ್ಲಿ, ವಾಸ ಅಮೆರಿಕದ ಲಾಂಗ್ ಬೀಚ್. ನಾನು ಕಂಡದ್ದನ್ನೂ ಕೇಳಿದ್ದನ್ನೂ ನಡೆದ ಕ್ರಮದಲ್ಲೇ ಪೊಲೀಸರಿಗೆ ಈ ಹೇಳಿಕೆಯಲ್ಲಿ ತಿಳಿಸುತ್ತಿದ್ದೇನೆ. ನನ್ನ ಮಾವನ ಮಾತುಗಳು ಅವರು ಆಡಿದಂತೆಯೇ ದಾಖಲಾಗಬೇಕೆಂದು ಕನ್ನಡದಲ್ಲಿ ಬರೆದಿದ್ದೇನೆ.

"ನಿಂತ ಬಂಡಿಗೂ ದಾರಿಯ ನೆನಪು" ಎಂದು ಯಾವುದೋ ಕವಿತೆಯ ಒಂದು ಸಾಲು, ಉಳಿದರ್ಧ ಮರೆತಿದೆ. ನಿಂತ ಬಂಡಿಗೆ ನೆನಪಿರುತ್ತದೆಯೇ? ಅದಕ್ಕಿರುವುದು ತೂಕ ಮಾತ್ರ ಎಂದು ಮಾವ ಹೇಳುತ್ತಾರೆ. ಅಧಿಕಾರಿಗಳು "ನಿಮ್ಮ ಮಾವ ಏಕೆ ಹೀಗೆ ಮಾಡಿದರು" ಎಂದು ಕೇಳಿದ್ದರಿಂದ ಇದನ್ನು ಮೊದಲು ಬರೆದೆ.

ಮಾವನ ಹೆಸರು ಬಾಳಾಸಾಹೇಬ, ವಯಸ್ಸು 75, ಮೂಲ ಬೆಳಗಾವಿ. ಇಂಗ್ಲೆಂಡಿನ ಉತ್ತರದಲ್ಲಿ ಒಂದು ರೈಲ್ವೆ ಗೂಡ್ಸ್ ಡಿಪೋದಲ್ಲಿ ವ್ಯಾಗನ್ ಜೋಡಿಸುವ, ಬಿಡಿಸುವ ಕೆಲಸದಲ್ಲಿದ್ದರು. ಮೊದಲು ಕಲ್ಲಿದ್ದಲು ನಿಂತಿತು, ಆಮೇಲೆ ಪಾರ್ಸೆಲ್ಲುಗಳು ಲಾರಿಗೆ ಹೋದವು. ಒಂದೊಂದೇ ಹಳಿ ಕಿತ್ತರು. ಕೊನೆಯ ಹಳಿ ಕೀಳುವ ಕೆಲಸಕ್ಕೆ ಮಾವನನ್ನೇ ಹಾಕಿದ್ದರು. ಆ ಜಾಗ ಈಗ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್. ನಮ್ಮ ಜೊತೆ ಇರಲು ಬಂದಾಗ ಅಲ್ಲಿಂದ ಅವರು ತಂದದ್ದು ವ್ಯಾಗನ್ ಉರುಳದಂತೆ ಚಕ್ರದ ಕೆಳಗೆ ಇಡುವ ಒಂದು ಮರದ ಬೆಣೆ. ಅದು ನಮ್ಮ ಮನೆಯ ಮುಂಬಾಗಿಲು ಮುಚ್ಚದಂತೆ ತಡೆಯುತ್ತಿತ್ತು.

ನಮ್ಮ ಹಿತ್ತಲಿನ ಬೇಲಿಯಾಚೆ ಒಂದು ಗೋದಾಮಿಗೆ ಹೋಗುವ ಹಳಿ ಇದೆ. ಗೋದಾಮು ಚಳಿಗಾಲದಲ್ಲಿ ಮುಚ್ಚಿತು. ಮೂರು ಖಾಲಿ ವ್ಯಾಗನ್ ಅಲ್ಲೇ ನಿಂತಿದ್ದವು. ಹಳಿ ಇಳಿಜಾರಾಗಿ ರಸ್ತೆ ದಾಟುವ ಕಡೆಗೆ ಹೋಗುತ್ತದೆ. 2016ರ ಮಾರ್ಚ್ 11, ಶುಕ್ರವಾರ ಸಂಜೆ ಮಾವ ಬೇಲಿಯ ಬಳಿ ನಿಂತು ನನ್ನನ್ನು ಕರೆದರು.

"ಏನವಾ, ಬೆಣಿ ಇಲ್ದ ನಿಲ್ಲಿಸ್ಯಾರಲ್ಲ. ಇವ್ರ ಮೇಸ್ತ್ರಿ ಏನ್ ನಿದ್ದಿ ಹೊಡ್ಯಾಕ ಹತ್ಯಾನೇನ?"

"ಮಾವ, ಇದು ನಿಮ್ಮ ಡಿಪೋ ಅಲ್ಲ. ಒಳಗೆ ಬನ್ನಿ, ಕಾಫಿ ಆರ್ತಿದೆ" ಎಂದೆ.

"ಗಾಡಿ ಉರುಳೂ ಮುಂದ ಯಾರ ಡಿಪೋ ಅಂತ ಕೇಳತದೇನ?"

ವ್ಯಾಗನ್ನುಗಳಿಗೆ ಹ್ಯಾಂಡ್‌ಬ್ರೇಕ್ ಹಾಕಿತ್ತು ಎಂದು ರೈಲಿನವರು ಹೇಳಿದ್ದಾರೆ. ಇರಬಹುದು. ಮಾವನ ಡಿಪೋದಲ್ಲಿ ಬ್ರೇಕ್ ಇದ್ದರೂ ಬೆಣೆ ಇಡುತ್ತಿದ್ದರು. ಬೆಣೆ ಇಟ್ಟವನು ಎಂಜಿನ್ ಬಂದು ಸೇರುವ ಕೊಕ್ಕೆಗೆ ಕೆಂಪು ಬಟ್ಟೆ ಕಟ್ಟಬೇಕು, ಕಟ್ಟಿದವನೇ ಬಿಚ್ಚಬೇಕು. ಅಲ್ಲಿಯವರೆಗೆ ಆ ವ್ಯಾಗನ್ನನ್ನು ಯಾರೂ ಅಲುಗಿಸುವಂತಿರಲಿಲ್ಲ.

ಅಂದು ಕತ್ತಲಾಗುವ ಹೊತ್ತಿಗೆ ಮುಂಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗಾಳಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸುಮಾರು ಎಂಟಕ್ಕೆ ಎಂಜಿನ್ ಬಂದಿತು. ಆ ಹಳಿಯನ್ನು ಮುಚ್ಚುವವರಿದ್ದರು, ವ್ಯಾಗನ್ನುಗಳನ್ನು ಒಯ್ಯಲು ಬಂದಿದ್ದರು. ನಮಗೆ ಇದು ತಿಳಿದಿರಲಿಲ್ಲ. ಎಂಜಿನ್ ಎಳೆದಾಗ ತುದಿಯ ವ್ಯಾಗನ್ನಿನ ಚಕ್ರ ಬೆಣೆ ಹತ್ತಿ ಹಳಿ ಬಿಟ್ಟು ಇಳಿಯಿತು. ಯಾರಿಗೂ ಗಾಯವಾಗಲಿಲ್ಲ.

ಮಾವ ಚಪ್ಪಲಿ ಹಾಕದೆ ಬೇಲಿಯವರೆಗೆ ಓಡಿದರು. ಮೊದಲು ಕೇಳಿದ್ದು ಯಾರಿಗಾದರೂ ಪೆಟ್ಟಾಯಿತೇ ಎಂದು. ಎರಡನೆಯದಾಗಿ ಕೆಂಪು ಬಟ್ಟೆ ನೋಡಲಿಲ್ಲವೇ ಎಂದು. ಬಟ್ಟೆ ಇರಲೇ ಇಲ್ಲ ಎಂದು ರೈಲಿನವರು ಹೇಳಿದರು. ಪೊಲೀಸರು ಬಂದಾಗ ಬೆಣೆ ಇಟ್ಟದ್ದು ತಾನೇ ಎಂದು ಮಾವ ಒಪ್ಪಿಕೊಂಡರು. ಬೇಕೆಂದೇ ರೈಲು ಕೆಡವಲು ಇಟ್ಟಿರಬಹುದು, ಆ ಪ್ರಕಾರ ಕೇಸು ಆಗಬಹುದು ಎಂದು ಅಧಿಕಾರಿಗಳು ನನಗೆ ತಿಳಿಸಿದರು. ಹಳಿಯ ಬದಿಯಲ್ಲಿ ಹುಡುಕಿದೆವು. ಬಟ್ಟೆ ಸಿಗಲಿಲ್ಲ. ಕಟ್ಟಿದ್ದು ಯಾವ ಬಟ್ಟೆ ಎಂದು ಕೇಳಿದರೆ ಮಾವ ಹೇಳಲಿಲ್ಲ. ಭಾನುವಾರ ಊಟ ಮಾಡಲಿಲ್ಲ. ಸಂಜೆ ಮಾತ್ರ ಒಮ್ಮೆ, "ಕಟ್ಟೀನೋ ಇಲ್ಲೋ ಅಂತ ನನಗಽ ಅನಮಾನ ಬರಾಕ ಹತ್ತೇತಿ" ಎಂದರು. ಅವರ ಬಾಯಲ್ಲಿ ನಾನು ಅಂಥ ಮಾತು ಹಿಂದೆ ಕೇಳಿರಲಿಲ್ಲ.

ಅವರು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆದ್ದರಿಂದ ಕಂಡೆ ಎಂದು ಬರೆಯುವುದಿಲ್ಲ.

ಮೇಲೆ ಬರೆದುದರಲ್ಲಿ ನಾನು ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.
ಲಾಂಗ್ ಬೀಚ್, 14 ಮಾರ್ಚ್ 2016. ಸಹಿ: ಮಂಜುಶ್ರೀ

ಸಹಿಯ ನಂತರ, ಅಧಿಕಾರಿಗಳು ನಮ್ಮ ಮನೆಯಲ್ಲಿ ಕುಳಿತಿರುವಾಗಲೇ ನಡೆದದ್ದನ್ನು ಅವರ ಸೂಚನೆಯಂತೆ ಸೇರಿಸುತ್ತಿದ್ದೇನೆ. ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಶಿವಕ್ಕ, ಬಾಗಲಕೋಟೆಯವರು, ಶನಿವಾರ ನಸುಕಿನಲ್ಲೇ ವಾಕಿಂಗ್ ಮುಗಿಸಿ ಸ್ಯಾಂಟಾ ಕ್ಲಾರಿಟಾದ ಮಗಳ ಮನೆಗೆ ಹೋದವರು ಆಗಷ್ಟೇ ಮರಳಿದ್ದರು. ಅವರ ಕೈಯಲ್ಲಿ ಒಗೆದು ಮಡಚಿದ ಕೆಂಪು ಖಣವಿತ್ತು, ರವಿಕೆ ಹೊಲಿಸದೆ ಉಳಿದಿದ್ದ, ತೀರಿಹೋದ ನನ್ನ ಅತ್ತೆಯ ಗುಳೇದಗುಡ್ಡದ ಖಣ. ಅದನ್ನು ಕಂಡು ಮಾವ ಕುರ್ಚಿಯಿಂದ ಎದ್ದರು. ಶಿವಕ್ಕ ಹೊಸ್ತಿಲಲ್ಲೇ ನಿಂತು ಹೇಳಿದ್ದು:

"ತಗೋಳವಾ, ನಿಮ್ಮ ಖಣ. ಗಾಳಿಗೆ ಹಾರಿ ಆ ಗಾಡಿ ಕೊಕ್ಕಿಗೆ ಸಿಕ್ಕೊಂಡಿತ್ತು. ಈ ಊರಾಗ ಖಣ ಮತ್ಯಾರ ಮನ್ಯಾಗ ಇರತೈತಿ ಅಂತ ಬಿಚ್ಚಿ ತಂದೆ. ಆದ್ರ ಏನ್ ಬಿಗಿ ಗಂಟವಾ ಅದು, ಹಲ್ಲಿಲೆ ಜಗ್ಗೀನಿ! ಗಾಳಿ ಅಂಥಾ ಗಂಟು ಹೆಂಗ ಹಾಕ್ತು ಅಂತ ಮೂರು ದಿನಾ ಆತು, ನನಗ ತಿಳೀವಲ್ದು."