ಉಡಿ ಅಕ್ಕಿಗೆ ಬೆಂಗಳೂರಿನಿಂದ ಬಂದ ಫೋನು

"ಹಲೋ… ಹಾಂ, ಹಲೋ, ಯಾರು ಮಾತಾಡೋದು? …ಗೌತಮಿನಾ? ಯಾವ ಗೌತಮಿ? ತೆಕ್ಕಲಕೋಟಿ ಗಾಳೆಪ್ಪನ ಸೊಸಿ ಅಲ್ಲಲ್ಲ? …ಬೆಂಗಳೂರಾ. …ಬ್ಯಾಂಕಾ. ನಮಗ ಯಾವ ಲೋನೂ ಬ್ಯಾಡವ್ವ. ಓಟಿಪಿ ಬಂದ್ರೂ ಹೇಳಂಗಿಲ್ಲ, ಇಡು ಫೋನು."

ಸಿರುಗುಪ್ಪದ ಅಕ್ಕಿ ಮಿಲ್ಲಿನ ಒಡತಿ ಚನ್ನವೀರಮ್ಮ ಗೋಡೆಗೆ ಒರಗಿ ನಿಂತಿದ್ದರು. ಫೋನು ಅವರದಲ್ಲ, ಗಂಡ ಗಾದಿಲಿಂಗಪ್ಪನವರದು. ಅದರ ಬ್ಯಾಟರಿ ಎಂದೋ ಸತ್ತಿತ್ತು. ಚಾರ್ಜರಿನ ವೈರು ಕಿತ್ತರೆ ಫೋನಿನ ಜೀವವೂ ಹೋಗುತ್ತಿತ್ತು. ಆದ್ದರಿಂದ ಈ ಮನೆಯಲ್ಲಿ ಯಾರು ಮಾತಾಡಿದರೂ ಗೋಡೆಯ ಹತ್ತಿರವೇ ಮಾತಾಡಬೇಕು. ಎದುರಿಗೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದ ನಂದಿನಿ, ಗೌತಮಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಇಡಬೇಡಿ ಇಡಬೇಡಿ ಎಂದು ಕೈಸನ್ನೆ ಮಾಡಿದಳು.

"…ಏನು? ನಂದಿನಿ ಬ್ಯಾಂಕಾ? ಹಂಗಂತ ಮೊದ್ಲ ಹೇಳಬಾರದೇನ್ರಿ. …ಹಾಂ, ಇಲ್ಲೇ ಅದಾಳ್ರಿ. …ಅವಳ ಕೈಗೆ ಕೊಡಬಾರದಾ? ನನ್ ಕೂಡೇನ ಮಾತಾಡಬೇಕಾ? ಆತು, ಕೇಳ್ರಿ."

ನಂದಿನಿ ಕಚ್ಚಿದ್ದ ಮಿರ್ಚಿಯನ್ನು ತಟ್ಟೆಗೆ ಹಾಕಿದಳು. ಬಳ್ಳಾರಿಯಲ್ಲಿ ಎಂಬಿಎ ಓದುವ ಕುರುಗೋಡಿನ ಹುಡುಗಿ ಅವಳು. ಬೇಸಿಗೆಯ ಎರಡು ತಿಂಗಳು ಬೆಂಗಳೂರಿನ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರಲ್ಲಿ ಇಂಟರ್ನ್. ಕಂಪನಿಗಳ ಕೊಡುಕೊಳ್ಳುವಿಕೆ ಕುದುರಿಸುವುದು ಆ ಬ್ಯಾಂಕಿನ ಕೆಲಸ. ಸ್ಲೈಡಿನ ಮೂಲೆಯ ಲೋಗೋವನ್ನು ಒಂದು ಕೂದಲೆಳೆ ಎಡಕ್ಕೆ, ಒಂದು ಕೂದಲೆಳೆ ಬಲಕ್ಕೆ ಸರಿಸುವುದು ನಂದಿನಿಯ ಕೆಲಸ. ಆರು ವಾರ ಸರಿಸಿದ ಮೇಲೆ, ಭಾಷೆ ಬಲ್ಲವಳೆಂದು ಅವಳನ್ನು ಈ ಮಿಲ್ಲಿಗೆ ಕಳಿಸಿದ್ದರು. ದೊಡ್ಡ ಕಂಪನಿಯೊಂದು ಮಿಲ್ಲಿನ ಅರ್ಧ ಪಾಲು ಕೊಳ್ಳಲಿತ್ತು. ಮಿಲ್ಲಿನಲ್ಲಿ ನಿಜವಾಗಿ ಏನೇನಿದೆ ಎಂದು ಕಣ್ಣಾರೆ ನೋಡಿ ಬರೆಯಬೇಕಿತ್ತು. ಬರುವ ಶುಕ್ರವಾರ ಯಾರಿಗೆ ಕಾಯಂ ಕೆಲಸವೆಂದು ಬ್ಯಾಂಕು ತಿಳಿಸಲಿತ್ತು. ಇನ್ನು ಗೌತಮಿ ಎಂದರೆ, ನೌಕರರು ನಿಯಮ ಮೀರಿದರೋ ಎಂದು ನೋಡುವ ವಿಭಾಗದ ಅಧಿಕಾರಿ. ಆಕೆ ಫೋನು ಮಾಡಿದಳೆಂದರೆ ಒಳ್ಳೆಯ ಸುದ್ದಿಗಲ್ಲ.

"…ಹೌದ್ರಿ, ಕೊಟ್ಟೀನಿ. ಯಾಕ ಸುಳ್ಳು ಹೇಳ್ಲಿ. ಹೋದ ಶುಕ್ರವಾರ ಉಡಿ ತುಂಬೀನಿ. …ಉಡಿ ರೀ, ಉಡಿ. ನಿಮ್ ಕಡಿ ಮಡಿಲು ತುಂಬೋದು ಅಂತಾರಲ್ಲ, ಅದು. …ಅಕ್ಕಿ ಐದು ಸೇರು, ಕೊಬ್ಬರಿ ಬಟ್ಲ, ಉತ್ತತ್ತಿ, ಅರಿಷಿಣ ಕೊಂಬು, ಒಂದು ಜಂಪರ್ ಪೀಸು, ಅದ ರೀ ರವಿಕಿ ಬಟ್ಟಿ. …ಅಷ್ಟೇ ಬರದಾಳಾ? ನಾಕು ಬಾಳಿಹಣ್ಣು ಬಿಟ್ಟಾಳ. ಸೇರಿಸ್ಕೊಳ್ರಿ."

ತಪ್ಪು ನಂದಿನಿಯದೇ. ಪ್ರತಿ ಸೋಮವಾರ ತುಂಬುವ ಫಾರಂನಲ್ಲಿ, ಗಿರಾಕಿಗಳಿಂದ ಏನಾದರೂ ಪಡೆದಿದ್ದೀರಾ ಎಂಬ ಪ್ರಶ್ನೆಯಿತ್ತು. ಉಳಿದ ಇಂಟರ್ನ್‌ಗಳು ಕಣ್ಣುಮುಚ್ಚಿ 'ಇಲ್ಲ' ಒತ್ತುತ್ತಿದ್ದರು. ಇವಳು ಮಾತ್ರ ಅರಿಷಿಣದ ಕೊಂಬಿನ ಸಮೇತ ಬರೆದು ಕಳಿಸಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಇವಳು ಬಾಯಿ ಬಿಡದೆಯೇ ಕೆಡಿಸಿಕೊಂಡಿದ್ದಳು.

"…ಊಟಾನಾ? ಮೂರೂ ಹೊತ್ತು ಇಲ್ಲೇ ರೀ. ಆದಿತ್ಯವಾರ ಹೋಳಿಗಿ ಮಾಡಿದ್ದೆ. …ಅದೂ ಬರದಿಲ್ಲಾ? ನಾಕು ತಿಂದಾಳ. …ಈಗ ಯಾಕೋ ಎರಡೂ ಕೈ ಅಲ್ಲಾಡಿಸಾಕತ್ತಾಳ ರೀ. ಖಾರ ಆಗೇತೇನೋ. ನೀರು ಕುಡಿಯವ್ವ ನಂದಿನಿ."

ನಂದಿನಿ ನೀರು ಕುಡಿದಳು. ಬೇರೆ ಮಾಡುವುದೇನೂ ಉಳಿದಿರಲಿಲ್ಲ.

"…ಬೆಲಿನಾ? ಉಡಿಗೆ ಬೆಲಿ ಕಟ್ತಾರೇನ್ರಿ? …ಸಂಬಂಧ ಏನು ಅಂದ್ರ? …ಇಲ್ರಿ, ಬೀಗರಲ್ಲ, ಬಳಗ ಅಲ್ಲ. ಹದಿನೈದು ದಿನದ ಹಿಂದ ಮುಖಾನೂ ನೋಡಿದ್ದಿಲ್ಲ. ಮನಿಗೆ ಬಂದ ಹೆಣ್ಣುಮಗಳನ್ನ ಬರೀ ಉಡೀಲಿ ಕಳಿಸಬಾರದು, ಅದಕ್ಕ. …ಮದುವಿ ಆಗದಿದ್ರೇನಾತು? ನಮ್ ಮನ್ಯಾಗ ತೊಟ್ಟಿಲ ಕೂಸಿಗೂ ತುಂಬತೀವಿ."

"…ಏನು? …ವಾಪಸಾ? …ಇಲ್ಲವಾ, ಅದಾಗಂಗಿಲ್ಲ. ಉಡಿ ಅಕ್ಕಿ ಹೊಳ್ಳಿ ತಗೊಂಡ್ರ ಮಗಳನ್ನ ಮನಿಯಿಂದ ದಬ್ಬಿದಂಗ. …ನಿಮ್ಗ ರೂಲ್ಸ್ ಇದ್ರ ನಮಗೂ ಅದಾವ. ನಿಮ್ ಬ್ಯಾಂಕು ಹುಟ್ಟೋಕಿಂತ ಮೊದ್ಲಿನವು."

"…ಹಂಗಂದ್ರ? …ಕೆಲಸ ಕೊಡಂಗಿಲ್ಲಾ? …ಐದು ಸೇರು ಅಕ್ಕಿಗಾ?"

ಚನ್ನವೀರಮ್ಮನ ದನಿ ಸಣ್ಣದಾಯಿತು. ನಂದಿನಿ ತಟ್ಟೆ ಕೆಳಗಿಟ್ಟಳು. ಅವಳ ಅವ್ವ ಹಂಪಕ್ಕ ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಿದ್ದಳು. ಮಗಳಿಗೆ ಬ್ಯಾಂಕಿನಲ್ಲಿ ಕೆಲಸವಾದಂತೆಯೇ ಎಂದು ಅಲ್ಲಿನ ನಲವತ್ತು ಮಿಷಿನ್ನಿನವರಿಗೂ ಆಗಲೇ ಪೇಢೆ ಹಂಚಿಬಿಟ್ಟಿದ್ದಳು. ಅವ್ವನ ಮುಖ ನೆನೆದು ನಂದಿನಿಗೆ ಅಳು ಬಂತು. ಕಣ್ಣೊರೆಸಿಕೊಂಡರೆ ಕೈಗೆ ಮಿರ್ಚಿ ಖಾರವಿತ್ತು, ಅಳು ಎರಡು ಪಟ್ಟಾಯಿತು.

"…ಏನಂದಿ? ಲಂಚ ಅಂದ್ಯಾ? …ಹಂಗ ತಿಳೀಬಹುದು ಅಂದಿ. …ಎಷ್ಟು ವಯಸ್ಸವ್ವ ನಿನಗ? …ಮೂವತ್ನಾಕಾ? ಹಂಗಾದ್ರ ನೀ ಅಂತೀನಿ, ತಪ್ಪು ತಿಳೀಬ್ಯಾಡ. ಈಗ ನನ್ ಮಾತು ಕೇಳು. ಶುಕ್ರವಾರ ಉಡಿ ತುಂಬಿದ್ನಾ? ಶನಿವಾರ ಈ ಹುಡುಗಿ ನಮ್ ಎರಡನೇ ಬಾಯ್ಲರ್ ನೋಡಾಕ ಹೋದ್ಲು. ಅದು ಕೆಟ್ಟು ಮೂರು ವರ್ಷಾತು. ನಮ್ ಯಜಮಾನ್ರು ಹಸರು ಬಣ್ಣ ಹೊಡಿಸಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲಿ ಹಾಕಿಸಿದ್ರು. ಮದುಮಗ ಆಗಿತ್ತದು. ಇವಳು ಒಲಿ ಬಾಗಲಾ ತಗದು ನೋಡ್ಯಾಳ, ಒಳಗ ಬೆಕ್ಕು ಮರಿ ಹಾಕೇತಿ. …ನಾಕು."

"…ಹಾಂ, ಅದು ಬಂದೈತಾ ನಿಮಗ? ಓದು ನೋಡೋಣ. …'ಎರಡನೇ ಬಾಯ್ಲರ್: ಬಣ್ಣ ಹೊಸದು. ಒಳಗೆ ಬೆಕ್ಕಿನ ಮರಿ ನಾಲ್ಕು.' …ನೋಡಿದ್ಯಾ? ಉಂಡ ಮನಿ ಜಂತಿ ಎಣಿಸಬಾರದು ಅಂತ ಗಾದಿ ಐತಿ. ಈಕಿ ಉಂಡೂ ಎಣಿಸ್ಯಾಳ, ಎಣಿಸಿ ಒಂದು ಕಮ್ಮಿ ಅಂತ ಬರದಾಳ. ಯಜಮಾನ್ರು ಎರಡು ದಿನ ಊಟ ಬಿಟ್ಟಿದ್ರು ಅದಕ್ಕ. ಲಂಚ ತಿಂದವ್ರು ಹಿಂಗ ಬರೀತಾರೇನು?"

"…ಏನು? ಈ ಮಾತೆಲ್ಲಾ ರೆಕಾರ್ಡ್ ಆಗಾಕತ್ತೈತಾ? …ಬಾಯ್ಲರಿಂದೂ? …ಆಗ್ಲಿ ಬಿಡು. ಕೆಟ್ಟಿದ್ದು ಕೆಟ್ಟೈತಿ ಅಂತ ನಾ ಮೂರು ವರ್ಷದಿಂದ ಹೇಳಾಕತ್ತೀನಿ, ಯಾರು ಕೇಳ್ಯಾರ. ಆ ರೆಕಾರ್ಡ್ ನಮ್ ಯಜಮಾನ್ರಿಗೂ ಒಂದು ಕಳಸು."

ಗೌತಮಿ ಏನು ಹೇಳುತ್ತಿದ್ದಳೋ, ಚನ್ನವೀರಮ್ಮ ಬಹಳ ಹೊತ್ತು ಬರೀ ಹೂಂಗುಟ್ಟಿದರು. ನಂದಿನಿ ಅವರ ಹುಬ್ಬನ್ನೇ ನೋಡುತ್ತ ಕೂತಳು. ಹುಬ್ಬು ಏರಿತು, ಇಳಿಯಿತು.

"…ಹೂಂ. …ಎಲ್ಲಾ ಖರೆ, ಆದ್ರ ಫಾರಂದಾಗ ಆ ಒಂದು ಖಾನಿ ಖಾಲಿ ಬಿಡಾಕ ಬರಂಗಿಲ್ಲಾ? 'ವಾಪಸ್ ಕೊಟ್ಟಾರೋ ಇಲ್ಲೋ'. …ತಡಿ. ತಡಿ ತಡಿ. ನಂದಿನಿ, ಉಡಿ ತುಂಬಿದ ಮ್ಯಾಲ ಒಂದು ಹಿಡಿ ಅಕ್ಕಿ ನನ್ ಮೊರಕ್ಕ ಹೊಳ್ಳಿ ಹಾಕಿದ್ಯಾ? …ಇಲ್ಲಂತ, ತಲಿ ಅಲ್ಲಾಡಿಸ್ತಾಳ. ನೋಡವ್ವ ಗೌತಮಿ, ಈಗಿನ ಹುಡುಗೇರು. ಕೊಟ್ಟವರ ಮನಿ ಬರಿದಾಗಬಾರದು ಅಂತ ಒಂದು ಹಿಡಿ ಹೊಳ್ಳಿ ಹಾಕಬೇಕು, ಅದೂ ಗೊತ್ತಿಲ್ಲ. …ಹೌದೌದು, ಪದ್ಧತೀನ ಅದು. ನಾನೇನು ಈಗ ಹುಟ್ಟಿಸಿಲ್ಲ."

ನಂದಿನಿ ಎದ್ದು ಓಡಿದಳು. ಉಡಿ ಅಕ್ಕಿಯ ಗಂಟು ಲ್ಯಾಪ್‌ಟಾಪಿನ ಬ್ಯಾಗಿನಲ್ಲಿಯೇ ಇತ್ತು. ಬಿಚ್ಚಿ, ಬೊಗಸೆ ತುಂಬಿಸಹೋದಳು. ಚನ್ನವೀರಮ್ಮ ಕಣ್ಣು ಬಿಟ್ಟರು. ಬೊಗಸೆಯಲ್ಲ, ಹಿಡಿ. ನಂದಿನಿ ಒಂದೇ ಹಿಡಿ ತೆಗೆದು ಗೋಡೆಗೆ ಒರಗಿಸಿದ್ದ ಮೊರ ಕೆಳಗಿಟ್ಟು ಅದರಲ್ಲಿ ಹಾಕಿದಳು.

"…ಹಾಂ, ಈಗ ಹಾಕಿದ್ಲು. ನನ್ ಕಣ್ಣಾರೆ ನೋಡೀನಿ. ವಾಪಸ್ ಕೊಟ್ಟಾಳ, ಬರಕೋ. …ಎಷ್ಟು ಅಂತ ಫಾರಂದಾಗ ಕೇಳ್ಯಾರೇನು? …ಕೇಳಿಲ್ಲಲ್ಲ. ಮತ್ತ?"

"…ನಗಾಕತ್ತೀಯಾ? …ನಗು, ನಗು. …ಬರದ್ಯಾ? ಏನಂತ? …'ಪದ್ಧತಿಯಂತೆ ಮರಳಿಸಿದ್ದಾರೆ.' ಛಲೋ ಆತು. …ಕೆಲಸಾ? …ತಡದಿದ್ದು ಇದೊಂದೇನಾ? …ಪಟ್ಟ್ಯಾಗ ಹೆಸರೈತಾ? ಶುಕ್ರವಾರ ಪತ್ರ ಬರತೈತಾ? …ನಂದಿನಿ, ಬರತೈತಂತ. ಅಳೋದು ಬಿಡು, ಆ ಕೈ ಮೊದ್ಲ ತೊಳಕೋ."

ನಂದಿನಿ ಕೈ ತೊಳೆಯಲಿಲ್ಲ. ಹೋಗಿ ಚನ್ನವೀರಮ್ಮನ ಸೊಂಟ ತಬ್ಬಿಕೊಂಡು ನಿಂತಳು. ಏಳು ವಾರದಲ್ಲಿ ಯಾರೂ ಅವಳ ಪರವಾಗಿ ಇಷ್ಟು ಹೊತ್ತು ಮಾತಾಡಿರಲಿಲ್ಲ. ಹೊರಗೆ ಗಾದಿಲಿಂಗಪ್ಪನವರ ಚಪ್ಪಲಿಯ ಸದ್ದು ಕೇಳಿಸಿತು. ಬಾಯ್ಲರಿನ ಮಾತು ಅವರ ಕಿವಿಗೂ ಬಿದ್ದಿರಬೇಕು, ನಡಿಗೆ ಜೋರಾಗಿಯೇ ಇತ್ತು. ಚನ್ನವೀರಮ್ಮನಿಗೆ ಅದರ ಪರಿವೆಯಿರಲಿಲ್ಲ.

"…ಮತ್ತ ಗೌತಮಿ, ನಿನಗ ಉಡಿ ತುಂಬಿ ಎಷ್ಟು ದಿನಾತವ್ವ? …ಒಮ್ಮೆನೂ ಇಲ್ಲಾ? ಯಾರೂ ತುಂಬಿಲ್ಲಾ? …ಅಯ್ಯ ನನ್ನವ್ವ. ಹಂಗಾದ್ರ ಬಂದುಬಿಡು. …ನಿಮ್ ರೂಲ್ಸಾ? ಹಿಡಿ ಅಕ್ಕಿ ಹೊಳ್ಳಿ ಹಾಕು, ಆತು. ಈಗ ನೀನ ಬರಕೊಂಡಿಯಲ್ಲ. …ಜಂಪರ್ ಪೀಸು ಯಾವ ಬಣ್ಣದ್ದು ಇಡ್ಲಿ? …ಬ್ಯಾಡಾ? …ಖರೇನ ಬ್ಯಾಡಾ? …ಯಾಕ ಸುಮ್ನಾದಿ?"

"…ಹಾಂ? ಜೋರಾಗಿ ಹೇಳು, ಇಲ್ಲಿ ನಮ್ಮವ್ರು ಬಂದು ವೈರು ಜಗ್ಗಾಕತ್ತಾರ. …ರೀ, ಬಿಡ್ರಿ ವೈರು. …ಹಸರಾ? ಹಸರಂದ್ಯಾ? ಗಿಳಿ ಹಸರೋ, ಎಲಿ ಹಸರೋ? …ಹಲೋ? …ಗೌತಮಿ, ಹಲೋ…"