ತನ್ನ ಕ್ರೇನು ತನಗೇ ಸಿಗದ ಸಾಹುಕಾರ

ಶರಣ ಬಂಧುಗಳೇ, ಒಬ್ಬ ಸಿರಿವಂತನ ಕಥೆ ಹೇಳುತ್ತೇನೆ ಅಂದ ಕೂಡಲೇ ನೀವು ಕುದುರೆ, ಪಲ್ಲಕ್ಕಿ, ಕೊಪ್ಪರಿಗೆ ತುಂಬ ಹೊನ್ನು ನೆನೆಸಿಕೊಳ್ಳುತ್ತೀರಿ. ಬೇಡ. ಈ ಸಿರಿವಂತ ಈಗಿನವನು, ವಿಜಯಪುರದವನು. ಹೆಸರು ಗುರುಶಾಂತಪ್ಪ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಕ್ರೇನುಗಳ ಒಡೆಯ. ಒಳ್ಳೆಯ ಕೆಲಸವೇ, ಪುಣ್ಯದ ಕೆಲಸವೇ.

ಅವನಿಗೊಂದು ವೆಬ್‌ಸೈಟ್ ಬೇಕೆನಿಸಿತು. ಮಾಡಿಕೊಡಲು ಶೈಲಶ್ರೀ ಎಂಬ ಹೆಣ್ಣುಮಗಳು ಬಂದಳು. ಬಂದವಳು ಮೊದಲೇ ಹೇಳಿದಳು: “ಸಾವ್ಕಾರ್ರ, ಗಾಡಿ ಕೆಟ್ಟವರು ರಸ್ತಾದ ಬಾಜೂಕ ನಿಂತು ಫೋನಿನಾಗ ಹುಡುಕ್ತಾರ್ರಿ. ಫೋನಿಗೆ ಹೊಂದೂ ಹಂಗ ಮಾಡೂಣು. ಗೂಗಲ್ ಸುದ್ದಾ ನಿಮ್ಮ ವೆಬ್‌ಸೈಟ್ ಫೋನಿನಾಗ ಹೆಂಗ ಕಾಣ್ತದ ಅಂತ ನೋಡ್ತದ. ಅಲ್ಲಿ ಛಲೋ ಇಲ್ಲಂದ್ರ ಹಿಂದ ಬೀಳ್ತೀರಿ.”

ಗುರುಶಾಂತಪ್ಪ ನಕ್ಕ. ಅವನ ಮೇಜಿನ ಮೇಲೆ ಕಿಟಕಿಯಷ್ಟು ಅಗಲದ ಪರದೆ. “ನನಗ ಇದರಾಗ ಚಂದ ಕಾಣ್ಬೇಕ ತಂಗಿ. ಸಣ್ಣದ್ರಾಗ ನೋಡೂ ಮಂದಿ ಸಣ್ಣ ಮಂದಿ.”

ಆಯಿತು, ಅವನು ಹೇಳಿದಂತೆಯೇ ಆಯಿತು. ತೆರೆದ ಕೂಡಲೇ ಅವನಿಗೆ ಹಾರ ಹಾಕುವ ವಿಡಿಯೋ. ಆಮೇಲೆ ಅವನ ತಂದೆಯ ಭಾವಚಿತ್ರ. ಆಮೇಲೆ ಕ್ರೇನುಗಳ ಮೆರವಣಿಗೆ. ಫೋನ್ ನಂಬರು ಎಲ್ಲಿ? ಒಂದು ಚಿತ್ರದ ಮೂಲೆಯಲ್ಲಿ, ಬಳ್ಳಿ ಬಿಟ್ಟಂಥ ಅಕ್ಷರಗಳಲ್ಲಿ. ಕಚೇರಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಎಲ್ಲರೂ “ಭಾರಿ ಅದರಿ” ಅನ್ನುತ್ತಿದ್ದರು. ನೋಡಿ, ಅವನ ಚಹಾ ಕುಡಿದವರು ಇನ್ನೇನು ಅಂದಾರು?

ಬರಬರುತ್ತ ಕರೆಗಳು ಕಡಿಮೆಯಾದವು. ಕ್ರೇನುಗಳು ಅಂಗಳದಲ್ಲೇ ನಿಂತವು. ಗುರುಶಾಂತಪ್ಪ ಹೆಂಡತಿಗೆ ಸಮಾಧಾನ ಹೇಳಿದ: “ಈಗಿನ ಕಾರು ಭಾಳ ಗಟ್ಟಿ ಅದಾವ ನೀಲಾ. ಮದ್ಲಿನಂಗ ಕೆಡೂದಿಲ್ಲ.” ತಪ್ಪು ಯಾರದು? ಕಾರಿನದು! ನಮ್ಮದು ಯಾವತ್ತಾದರೂ ಇರುತ್ತದೆಯೇ?

ಹೀಗಿರುವಾಗ ಅವನ ತಂಗಿಯ ಮಗಳ ನಿಶ್ಚಿತಾರ್ಥ ಬಂತು, ಸಿಂದಗಿಯಲ್ಲಿ. ಸೋದರಮಾವ ಸೀರೆ ಕೊಡದೆ ಮುಂದಿನ ಶಾಸ್ತ್ರವಿಲ್ಲ. ಡ್ರೈವರ್ ರಜೆಯಲ್ಲಿದ್ದ. ರೇಷ್ಮೆ ಶರ್ಟು ತೊಟ್ಟು, ಹೆಂಡತಿ ನೀಲಮ್ಮನನ್ನು ಕೂರಿಸಿಕೊಂಡು, ತಾನೇ ಕಾರು ಹೊಡೆದುಕೊಂಡು ಹೊರಟ. ಅರ್ಧ ದಾರಿಯಲ್ಲಿ, ಆಚೆ ಈಚೆ ಜೋಳದ ಹೊಲ, ಆ ಗಟ್ಟಿ ಕಾರು ಒಂದು ಸಲ ಕೆಮ್ಮಿ ನಿಂತುಬಿಟ್ಟಿತು.

ಜೇಬು ಮುಟ್ಟಿದ. ಫೋನು ಮನೆಯಲ್ಲಿ, ಚಾರ್ಜಿಗೆ. ನೀಲಮ್ಮನ ಫೋನು ಸತ್ತಿತ್ತು. ತನ್ನ ಕಚೇರಿಯ ನಂಬರು ತನಗೇ ಬಾಯಿಪಾಠವಿಲ್ಲ. ತನಗೆ ತಾನೇ ಫೋನ್ ಮಾಡುವ ಪ್ರಸಂಗ ಯಾರಿಗೆ ಬರುತ್ತದೆ, ಹೇಳಿ?

ಸ್ಕೂಟಿಯಲ್ಲಿ ಬರುತ್ತಿದ್ದ ಒಬ್ಬ ನರ್ಸಮ್ಮ ನಿಂತಳು. ತನ್ನ ಫೋನು ತೆಗೆದು ಹುಡುಕಿದಳು. “ಹುಸೇನಸಾಬ ಕ್ರೇನ್ ಅಂತ ಮದ್ಲಿಗೇ ಬಂತ್ರಿ. ಫೋನ್ ಹಚ್ಚಲಿ?”

ಗುರುಶಾಂತಪ್ಪನ ಕಿವಿ ಬಿಸಿಯಾದವು. ಹುಸೇನಸಾಬ! ಒಂದೇ ಕ್ರೇನಿನವನು! “ಬ್ಯಾಡ ಬ್ಯಾಡ. ಗುರುಶಾಂತಪ್ಪ ಕ್ರೇನ್ ಅಂತ ನೋಡವ್ವ. ದೊಡ್ಡ ಸಂಸ್ಥಾ ಅದು.”

ಆಕೆ ಬೆರಳಿನಿಂದ ಸರಿಸಿದಳು, ಸರಿಸಿದಳು, ಸರಿಸುತ್ತಲೇ ಹೋದಳು. ಕೊನೆಗೆ ಸಿಕ್ಕಿತು. ಒತ್ತಿದಳು. ವಿಡಿಯೋ ತಿರುಗುತ್ತ ನಿಂತಿತು. ಬಿಸಿಲು ನೆತ್ತಿಗೇರಿತು. ಬಂದ ಮೇಲೆ ಅಕ್ಷರಗಳು ಇರುವೆ ಸಾಲು. ಹಿಗ್ಗಿಸಿದರೆ ನಂಬರಿನ ಅರ್ಧ ಆಚೆ ಹೋಯಿತು, ಉಳಿದರ್ಧ ಓದಲೂ ಬರಲಿಲ್ಲ, ಒತ್ತಿದರೆ ಫೋನ್ ಹತ್ತಲೂ ಇಲ್ಲ.

“ಯಾರೋ ಹಾರ ಹಾಕ್ಕೊಂಡ ನಿಂತಾರ್ರಿ,” ಅಂದಳು ನರ್ಸಮ್ಮ, “ತೀರಿಕೊಂಡಾರೇನು?”

ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಂಡನ ಮುಖವನ್ನೂ ನೋಡದೆ ಹೇಳಿದಳು: “ಹುಸೇನಸಾಬಗ ಹಚ್ಚವ್ವ. ಅಲ್ಲಿ ಹುಡುಗಿ ಸೀರಿ ಇಲ್ದ ಕುಂತಾಳ.”

ಹುಸೇನಸಾಬ ಬಂದ. ಗುರುಶಾಂತಪ್ಪನನ್ನು ಕಂಡು ಗಲಿಬಿಲಿಗೊಂಡ. ಸೀಟು ಒರೆಸಿ, “ಬರ್ರಿ ಸಾವ್ಕಾರ್ರ, ಅಕ್ಕಾರ, ಮೇಲ ಕುಂದರ್ರಿ” ಅಂದ. ಆ ಮರ್ಯಾದೆಯೇ ಗುರುಶಾಂತಪ್ಪನಿಗೆ ಏಟಿಗಿಂತ ಹೆಚ್ಚು ನೋವು ಕೊಟ್ಟಿತು. ಹೀಗೆ ಕ್ರೇನುಗಳ ಸಾಹುಕಾರ, ಹಣೆಯ ಮೇಲೆ ‘ಹುಸೇನಸಾಬ’ ಎಂದು ಬರೆದ ಕ್ರೇನಿನಲ್ಲಿ ಕೂತು, ಹಿಂದೆ ತನ್ನ ಕಾರು ಜೋತಾಡುತ್ತಿರಲು, ಬೀಗರ ಹಂದರದ ಮುಂದೆ ಇಳಿದ. ಸೀರೆ ಕೊಟ್ಟ. ಶಾಸ್ತ್ರ ನಡೆಯಿತು. ಊಟಕ್ಕೆ ಕೂತಾಗ ಬೀಗರು ಬಹಳ ಪ್ರೀತಿಯಿಂದ ಕೇಳಿದರು: “ಮಾವಾರ, ಆ ಕ್ರೇನಿನವನ ನಂಬರ್ ಕೊಡ್ರಿ, ಇರ್ಲಿ.” ಕೊಟ್ಟ. ಏನು ಮಾಡಿಯಾನು?

ಮರುದಿನ ಶೈಲಶ್ರೀಯನ್ನು ಕರೆಸಿದ. “ಫೋನಿಗೆ ಹೊಂದಸವ್ವ. ನಂಬರ್ ಮ್ಯಾಲ ಬರ್ಲಿ. ಮುಟ್ಟಿದ್ರ ಫೋನ್ ಹತ್ತಬೇಕು.”

“ಮಾಡ್ತೀನ್ರಿ. ಆದ್ರ ಒಮ್ಮಿಗೇ ಮುಂದ ಬರೂದಿಲ್ಲ. ಭಾಳ ದಿನ ಹಿಡೀತದ. ಮತ್ತ… ಹಾರದ ವಿಡಿಯೋ ಭಾಳ ವಜ್ಜಿ ಅದರಿ, ಫೋನಿನಾಗ ಲಗೂನ ತೆರೆಯೂದಿಲ್ಲ.”

ಅವನು ಅಗಲದ ಪರದೆಯಲ್ಲಿ ಹಾರದ ವಿಡಿಯೋವನ್ನು ಕೊನೆಯ ಸಲ ಹಚ್ಚಿ ನೋಡಿದ. “ತಗಿ,” ಅಂದ. ಸುಲಭವಾಗಿ ಬಂದ ಮಾತಲ್ಲ ಅದು. ಕೆಲವು ತಿಂಗಳಾದ ಮೇಲೆ ಅವನ ಹೆಸರು ಮೇಲೆ ಬಂತು. ಕೆಲವೊಮ್ಮೆ ಹುಸೇನಸಾಬನ ಮೇಲೆ, ಹೆಚ್ಚಾಗಿ ಕೆಳಗೆ.

ನಗುತ್ತಿದ್ದೀರಿ. ನಗಿ. ಆದರೆ ಮುಂದಿನ ಸಾಲಿನವರೇ, ನಿಮಗೇ ಹೇಳುತ್ತಿದ್ದೇನೆ. ನೀವೂ ಚಂದ ಕಾಣುತ್ತೀರಿ. ಎಲ್ಲಿ? ನಿಮ್ಮ ಕನ್ನಡಿಯಲ್ಲಿ. ವಿಭೂತಿ ಚಂದ, ದಾನದ ಕಲ್ಲಿನ ಮೇಲಿನ ಹೆಸರು ಚಂದ. ಆದರೆ ಮನೆಯಲ್ಲಿ ಕಷ್ಟದಲ್ಲಿ ನಿಂತವಳು ನಿಮ್ಮ ಸೊಸೆ. ಆಕೆಯ ಕಣ್ಣಿಗೆ ನೀವು ಹೇಗೆ ಕಾಣುತ್ತೀರಿ? ಒಂದು ಮೆತ್ತಗಿನ ಮಾತು ಬೇಕೆಂದರೆ ಆಕೆ ನಿಮ್ಮನ್ನು ಎಷ್ಟು ಹಿಗ್ಗಿಸಬೇಕು, ಎಷ್ಟು ಸರಿಸಬೇಕು? ನೀವು ಸಿಗುವುದರೊಳಗೆ ಆಕೆ ನೆರೆಮನೆಯವಳ ಹತ್ತಿರ ಹೋಗಿ ಅತ್ತು ಬಂದಿರುತ್ತಾಳೆ. ಆಗ ನೀವು ಅನ್ನುತ್ತೀರಿ, ನಮ್ಮ ಮನೆಯಲ್ಲಿ ಯಾರಿಗೂ ಕಷ್ಟವೇ ಇಲ್ಲ!

ಅಂಗಡಿ ಇದ್ದವರು ಇವತ್ತೇ ನಿಮ್ಮ ವೆಬ್‌ಸೈಟನ್ನು ಗಿರಾಕಿಯ ಫೋನಿನಲ್ಲಿ ತೆರೆದು ನೋಡಿ. ಅದು ಸಣ್ಣ ಕೆಲಸ. ದೊಡ್ಡ ಕೆಲಸ ಮನೆಯಲ್ಲಿದೆ. ಊಟಕ್ಕೆ ಕೂತಾಗ ಬಡಿಸುವವರನ್ನು ಒಮ್ಮೆ ಕೇಳಿ: “ಬೇಕಾದಾಗ ನಾ ನಿನಗ ಸಿಗ್ತೀನೇನು?” ಉತ್ತರ ಬರುವುದು ತಡವಾದರೆ ಸಿಟ್ಟಾಗಿ ಎದ್ದು ಹೋಗಬೇಡಿ. ಕೂತಿರಿ.